ಹೆದರದ ಜನ

ಈ ಸಲ ಇಲಿ ಬಿದ್ದದ್ದು ಫಕ್ರುದ್ದೀನನ ಮನೆಯೊಳಗೆ. ಬೆಳಿಗ್ಗೆ ಒಲೆ ಹಚ್ಚಲು ಕೂತವನ ಮುಂದೆಯೇ ಅಟ್ಟದಿಂದ ದೊಪ್ಪನೆ ಉದುರಿ, ಗಿರ್ರನೆ ಸುತ್ತು ತಿರುಗಿ, ಕಾಲು ಸೆಟೆದುಕೊಂಡಿತು. ಅವನು ಚೊಂಬು ಅಲ್ಲೇ ಬಿಟ್ಟು ಬೀದಿಗೆ ಓಡಿಬಂದ. ಬೀದಿಯಲ್ಲಿ ಏನಾಯಿತೆಂದು ಕೇಳುವವರು ಯಾರಿದ್ದರು? ಪ್ಲೇಗು ಬಂತೆಂದು ಬೈರಾಪಟ್ಟಣಕ್ಕೆ ಬೈರಾಪಟ್ಟಣವೇ ಎದ್ದುಹೋಗಿ, ಕೆರೆಯಾಚೆಯ ಹೊಲದಲ್ಲಿ ಗರಿ ಹೊದಿಸಿದ ಗುಡಿಸಲು ಹಾಕಿಕೊಂಡು ಕೂತಿತ್ತು. ಖಾಲಿ ಮನೆಗಳಿಗೆ ಕಳ್ಳರು ನುಗ್ಗದಂತೆ ಕಾಯಲು ಒಬ್ಬನನ್ನು ಬಿಟ್ಟಿದ್ದರು. ಆ ಒಬ್ಬ ಇವನೇ.

ಬಿಟ್ಟಿದ್ದು ಬೈದಲ್ಲ, ಹೊಗಳಿ. ಊರಿಗೆಲ್ಲ ಇದ್ದದ್ದು ಅದೊಂದೇ ಸಾಬರ ಮನೆ. ಸುಲ್ತಾನರ ದಂಡಿನಲ್ಲಿದ್ದ ಜನ, ಸಾವಿಗೆ ಹೆದರುವವರೇ ಅಲ್ಲ, ಅವರ ಧೈರ್ಯ ನಮಗೆಲ್ಲಿ ಬರಬೇಕು ಎಂದು ಒಬ್ಬರ ಮೇಲೊಬ್ಬರು ಹೇಳಿದ್ದೇ ಹೇಳಿದ್ದು. ದಂಡಂತೆ, ದಂಡು! ಫಕ್ರುದ್ದೀನನ ಅಪ್ಪ ಸನಾವುಲ್ಲಾ ಸಂತೆಯಲ್ಲಿ ಬಾಚಣಿಗೆ ಮಾರಿ ಬದುಕಿದ ಮನುಷ್ಯ; ಎಮ್ಮೆ ಎದುರು ಬಂದರೆ ದಾರಿ ಬದಲಿಸುತ್ತಿದ್ದ. ಮಗ ರೇಷ್ಮೆ ನೂಲು ತೆಗೆಯುವವನು. ಕತ್ತಲಾದ ಮೇಲೆ ಹಿತ್ತಲಿಗೆ ಹೋಗಬೇಕೆಂದರೆ ಹೆಂಡತಿ ಮುನವ್ವರಾ ದೀಪ ಹಿಡಿದು ಬಾಗಿಲಲ್ಲಿ ನಿಲ್ಲಬೇಕು. ಊರಿನವರಿಗೆ ಇದೆಲ್ಲ ಎಲ್ಲಿ ಕಾಣಬೇಕು! ಮನೆಗೆ ಹಾವು ಹೊಕ್ಕರೆ ಸಾಬರನ್ನು ಕರಿ, ಬಾವಿಯಲ್ಲಿ ಹೆಣ ತೇಲಿದರೆ ಸಾಬರನ್ನು ಕರಿ. ಸುಳ್ಳೇಕೆ, ಮೊದಮೊದಲು ಅವನಿಗೂ ಅದು ಹಿತವಾಗಿಯೇ ಇತ್ತು. ಯಾವುದಕ್ಕೋ ಒಂದಕ್ಕೆ ತನ್ನನ್ನು ಕರೆಯುತ್ತಾರಲ್ಲ, ಅಷ್ಟು ಸಾಕು ಅನ್ನಿಸುತ್ತಿತ್ತು.

ಮುನವ್ವರಾ ಹೆರಿಗೆಗೆಂದು ಚನ್ನಪಟ್ಟಣದ ತವರಿಗೆ ಹೋಗಿದ್ದಳು. ಅಲ್ಲಿಗೇ ಹೋಗೋಣವೆಂದರೆ, ಇಲಿ ಬಿದ್ದ ಊರಿನವರನ್ನು ಸರ್ಕಾರದ ಜವಾನರು ಪೇಟೆಯ ಹೊರಗೇ ತಡೆಯುತ್ತಿದ್ದರು. ತಡೆಯದಿದ್ದರೂ ಬಸುರಿ ಇರುವ ಮನೆಗೆ ಈ ರೋಗ ಹೊತ್ತುಕೊಂಡು ಹೋಗುವಷ್ಟು ಪಾಪಿ ಅವನಲ್ಲ. ಉಳಿದದ್ದು ಊರಿನವರ ಗುಡಿಸಲ ಸಾಲು ಒಂದೇ. ಬಿಸಿಲು ಇಳಿಯುವ ಹೊತ್ತಿಗೆ ಕೆರೆ ಏರಿ ದಾಟಿ ಹೋಗಿ, ಹತ್ತಿರ ಸುಳಿಯದೆ ಹುಣಸೆಮರದ ಕೆಳಗೆ ನಿಂತ. ಕೆಂಚಯ್ಯ ಅವನನ್ನು ಕಂಡು ಮುಖ ಅರಳಿಸಿಕೊಂಡು ಬಂದು, ತಾನೂ ಒಸಿ ದೂರದಲ್ಲೇ ನಿಂತ. ಊರಲ್ಲಿ ಇವರಿಬ್ಬರ ಮನೆಗೂ ನಡುವಿನ ಗೋಡೆ ಒಂದೇ.

"ಕೆಂಚಣ್ಣ, ಇಲಿ ನಮ್ಮನೇಲೇ ಬಿತ್ತು. ಇನ್ನು ಅಲ್ಲಿರಾಕಾಗಕಿಲ್ಲ. ಸಾಲಿನ ಕೊನೇಲಿ ನಾನೂ ಒಂದು ಗುಡ್ಲು ಹಾಕ್ಕೊತೀನಿ. ದೂರದಲ್ಲೇ ಹಾಕ್ಕೊತೀನಿ."

ಕೆಂಚಯ್ಯ ಗುಡಿಸಲುಗಳ ಕಡೆ ಒಮ್ಮೆ ತಿರುಗಿ ನೋಡಿ ದನಿ ತಗ್ಗಿಸಿದ. ಅವನ ಅವ್ವ ವೆಂಕಟಲಕ್ಷ್ಮಮ್ಮ ಇಲ್ಲಿಗೆ ಬಂದ ಹೊಸದರಲ್ಲಿ ಮನೆ ಹೋಯಿತು, ಮಠ ಹೋಯಿತು ಎಂದು ಗೋಳಾಡಿ ಕಣ್ಣೇ ಮುಚ್ಚಿರಲಿಲ್ಲವಂತೆ. ಊರಲ್ಲಿ ಸಾಬರಿದ್ದಾರೆ ಎಂದು ಹೇಳಿದ ಮೇಲೆಯೇ ಅವಳಿಗೆ ನಿದ್ದೆಯಂತೆ. ಅವಳೊಬ್ಬಳೇ ಅಲ್ಲ, ಇಡೀ ಸಾಲು ಅದೇ ನಂಬಿಕೆಯ ಮೇಲೆ ಉಸಿರಾಡುತ್ತಿದೆಯಂತೆ. ಈಗ ಸಾಬರೇ ಎದ್ದುಬಂದರೆಂದರೆ ಹೆಂಗಸರು ಮಕ್ಕಳ ಗತಿಯೇನು?

"ನಿಮ್ಮೋರ್ಗೆ ದೇವ್ರು ಆ ಗುಂಡಿಗೆ ಕೊಟ್ಟವ್ನೆ ಸಾಬ್ರೇ," ಎಂದ. "ನಮ್ಗೆ ಕೊಡ್ನಿಲ್ಲ."

"ನಮ್ಮೋರು ಅಂದ್ರೆ ಯಾರು ಕೆಂಚಣ್ಣ? ಅಲ್ಲಿ ನಾನೊಬ್ನೇ ಇವ್ನಿ. ನಂಗೆ ಭಯ ಆಯ್ತದೆ."

ಕೆಂಚಯ್ಯ ಅವನನ್ನೇ ದಿಟ್ಟಿಸಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಸಾಬ್ರು ಭಯ ಅಂತವ್ರೆ, ಕೇಳ್ರೋ ಎಂದು ಹಿಂದಕ್ಕೆ ಕೂಗಿ ಹೇಳಿದ. ಒಂದು ಗುಡಿಸಲಿನಲ್ಲಿ ಯಾರೋ ಕಿಸಕ್ಕೆಂದರು, ಪಕ್ಕದ್ದರಲ್ಲಿ ಇನ್ನೊಬ್ಬರು. ಎಷ್ಟೋ ದಿನದಿಂದ ನಗುವನ್ನೇ ಮರೆತಿದ್ದ ಸಾಲು ಉದ್ದಕ್ಕೂ ನಕ್ಕಿತು. ಯಾರ ನಗುವಿನಲ್ಲೂ ಕುಹಕವಿರಲಿಲ್ಲ. ಫಕ್ರುದ್ದೀನನಿಗೆ ಸಂಕಟವಾದದ್ದೇ ಅದಕ್ಕೆ. ಬೈದಿದ್ದರೆ ತಿರುಗಿ ಬೈದು ಹಗುರಾಗಬಹುದಿತ್ತು, ಹೊಗಳಿದವರ ಜೊತೆ ಹೇಗೆ ಜಗಳ ಕಾಯುವುದು? ಅಳು ಉಕ್ಕಿ ಬಂತು, ನುಂಗಿಕೊಂಡ. ಅತ್ತರೆ ಅದನ್ನೂ ತಮಾಷೆಗೆ ಸೇರಿಸಿಬಿಡುತ್ತಾರೆ. ಕೆಂಚಯ್ಯ ಕಣ್ಣೊರೆಸಿಕೊಳ್ಳುತ್ತ ಹೋಗಿ, ಬಿಸಿ ಮುದ್ದೆ, ಹುರುಳಿ ಸಾರು ತಂದು ಮರದ ಬುಡದಲ್ಲಿಟ್ಟು ಹಿಂದೆ ಸರಿದ. ಪ್ರೀತಿಯಿಂದಲೇ ಇಟ್ಟ.

ಮುಚ್ಚಂಜೆಗೆ ಫಕ್ರುದ್ದೀನ್ ಊರು ಸೇರಿದ. ತನ್ನ ಮನೆಯೊಳಗೆ ಹೋಗಲು ಕಾಲು ಬರಲಿಲ್ಲ. ಕೆಂಚಯ್ಯನ ಜಗಲಿಯ ಮೇಲೆ ಮುದುಡಿ ಕೂತ. ಯಾವುದೋ ಮನೆಯ ಬಾಗಿಲು ಕಿರ್ರೆಂದಿತು, ಗಾಳಿಗೋ ಏನೋ. ಕಂಕುಳಲ್ಲಿ ಗಂಟು ಎದ್ದಿದೆಯೇ ಎಂದು ಮುಟ್ಟಿ ನೋಡಿಕೊಂಡ. ಇರಲಿಲ್ಲ. ಒಂದು ಗಳಿಗೆ ಬಿಟ್ಟು ಮತ್ತೆ ಮುಟ್ಟಿಕೊಂಡ. ಕೊನೆಗೆ ತಡೆಯಲಾರದೆ ಬೀದಿಗಿಳಿದು ಕೂಗಿಬಿಟ್ಟ. ಕೆಂಚಣ್ಣಾ ಎಂದು ಕೂಗಿದ. ಎದುರು ಮನೆಯ ಮುನಿಶಾಮಯ್ಯನನ್ನು ಕೂಗಿದ, ಮೂಲೆಮನೆಯ ಚಿನ್ನಮ್ಮನನ್ನು ಕೂಗಿದ. ಬೀಗ ಹಾಕಿದ ಬಾಗಿಲೊಂದೊಂದರ ಮುಂದೂ ನಿಂತು, ಅವರವರ ಹೆಸರು ಹಿಡಿದು, ಗಂಟಲು ಹರಿಯುವಂತೆ ಕೂಗುತ್ತ ಬೀದಿಯುದ್ದಕ್ಕೂ ಹೋದ.

ಕೆರೆಯ ಮೇಲಿನ ಗಾಳಿ ಆ ಕೂಗನ್ನು ಗುಡಿಸಲುಗಳವರೆಗೂ ತಂದಿತು. ವೆಂಕಟಲಕ್ಷ್ಮಮ್ಮ ತಲೆಯೆತ್ತಿ ಕಿವಿಗೊಟ್ಟಳು.

"ಒಬ್ಬೊಬ್ರ ಮನೆ ಮುಂದೂ ನಿಂತು ಕಾಯ್ತಾವ್ರೆ ಕಣ್ಲಾ ಮಗ," ಎಂದು ಕೆಂಚಯ್ಯನಿಗೆ ಹೇಳಿ, ಕಂಬಳಿ ಎಳೆದುಕೊಂಡು ನೆಮ್ಮದಿಯಾಗಿ ಕಣ್ಣು ಮುಚ್ಚಿದಳು.