ಮರಿಗಲ್ಲಿನ ಗುಟ್ಟು

ಕಡಲ ತಳದ ಮರಿಗಲ್ಲು ಮೀನು ಮೊಟ್ಟೆಯಿಡುವ ಬಂಡೆ. ಅದರ ಸುತ್ತ ಯಾರೂ ಬಲೆ ಬಿಡಬಾರದೆಂದು ಊರವರೆಲ್ಲ ಸೇರಿ ಕಡಲಿನ ನಕ್ಷೆ ಮಾಡಿ ಅದರಲ್ಲಿ ಗುರುತು ಹಾಕಿಸಿದ್ದರು. ಆ ಜಾಗವನ್ನು ಹೊರಗಿನವರಿಗೆ ಹೇಳುವುದಿಲ್ಲವೆಂದು ಉಪ್ಪುನೀರು ಮುಟ್ಟಿ ಆಣೆಯನ್ನೂ ಮಾಡಿದ್ದರು. ಇವತ್ತು ಬೆಳಿಗ್ಗೆ ಪೇಟೆಯ ಧಣಿಯ ಟ್ರಾಲರ್ ಬೋಟುಗಳು ನೇರ ಅಲ್ಲಿಗೇ ಬಂದು, ಮೊಟ್ಟೆ ತುಂಬಿದ ಮೀನನ್ನೆಲ್ಲ ಬಳಿದುಕೊಂಡು ಹೋದವು.

ಧಣಿಯ ಬೋಟಿನಲ್ಲಿ ದುಡಿಯುವವನು ಊರಿಗೆಲ್ಲ ಒಬ್ಬನೇ, ಗಣಪು ಹರಿಕಂತ್ರನ ಅಳಿಯ. ಅಷ್ಟು ಸಾಕಾಯಿತು. ಗಣಪುವನ್ನು ಮನೆಯಿಂದ ಎಳೆತಂದು ಮೀನುಗಾರರ ಸಂಘದ ಆಫೀಸಿನೊಳಗೆ ಕೆಡವಿದರು.

"ಅಳಿಯಂಗೆ ಹೇಳ್ದವ ನೀನೇ ಅಲ್ದಾ?" ಸಂಘದ ಅಧ್ಯಕ್ಷ ದೋಣಿಯ ಹುಟ್ಟನ್ನೆತ್ತಿ ಬೆನ್ನಿಗೆ ಬಾರಿಸಿದ.

"ನಾ ಹೇಳ್ಲಿಲ್ಲ."

"ನಕ್ಷೆಲಿ ಮರಿಗಲ್ಲಿಗೆ ಗುರ್ತು ಹಾಕಿದ್ ಕೈ ಯಾವ್ದು?"

ಗಣಪು ಬಲಗೈಯನ್ನು ಎದೆಗವಚಿಕೊಂಡ. ಇಬ್ಬರು ಅದನ್ನು ಎಳೆದು ನೆಲಕ್ಕೆ ಒತ್ತಿ ಹಿಡಿದರು. ಹುಟ್ಟು ಮತ್ತೆ ಬಿತ್ತು. ಬೆರಳು ಮುರಿದ ಸದ್ದು ಬಾಗಿಲಲ್ಲಿ ನಿಂತ ಹೆಂಗಸರಿಗೂ ಕೇಳಿಸಿತು.

"ಧಣಿಗೆ ನಕ್ಷೆ ಕೊಟ್ಟವ ಯಾರು, ಬೊಗಳು! ಇಲ್ದಿದ್ರೆ ಇನ್ನೊಂದ್ ಕೈನೂ ಉಳ್ಸೂದಿಲ್ಲ!"

ಗಣಪುವಿನ ಬಾಯಿ ತುಂಬ ರಕ್ತವಿತ್ತು. ಅವನು ಎಡಗೈ ಎತ್ತಿ ಗೋಡೆಯತ್ತ ತೋರಿಸಿದ. ಎಲ್ಲರೂ ತಿರುಗಿ ನೋಡಿದರು.

ಅಲ್ಲಿ ತೂಗುಹಾಕಿದ್ದು ನಕ್ಷೆ ಬಿಡುಗಡೆಯ ದಿನದ ಫೋಟೊ. ಅದರಲ್ಲಿ ಅಧ್ಯಕ್ಷ ಹಲ್ಲು ಕಿರಿಯುತ್ತ, ಮುಖ್ಯ ಅತಿಥಿಯಾಗಿ ಬಂದ ಧಣಿಗೆ ಶಾಲು ಹೊದಿಸಿ, ಕಟ್ಟು ಹಾಕಿಸಿದ ನಕ್ಷೆಯನ್ನೇ ನೆನಪಿನ ಕಾಣಿಕೆಯಾಗಿ ಕೊಡುತ್ತಿದ್ದ.