ಸಾಯದ ಕಿವಿರು

ಬಿಸಿಲಿಗೆ ಹರಡಿದ ಒದ್ದೆ ಬಲೆಯ ವಾಸನೆ ಎಂದರೆ ಅವಳಿಗೆ ಬಾಲ್ಯ. ಈಗ ಹೊಳೆಯಿಂದ ಬರುವುದು ಬಣ್ಣದ ಕಾರ್ಖಾನೆಯ ನಾತ. ಅಪ್ಪನ ಬಲೆಗೆ ಬೀಳುವುದು ಹೊಟ್ಟೆ ಮೇಲಾದ ಮೀನು.

ಆದರೂ ಆ ಹೊಳೆಯ ನೀರು ಹಾಕಿದ ತಟ್ಟೆಯಲ್ಲಿದ್ದ ಜೀವಕೋಶಗಳು ಸಾಯಲಿಲ್ಲ.

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಮೀನಮ್ಮ ಎನ್ನುತ್ತಿದ್ದರು. ಆರು ವರ್ಷದ ಹಿಂದೆ ಅಪ್ಪ ಬಕೆಟ್ಟಿನಲ್ಲಿ ತಂದುಕೊಟ್ಟ ಒಂದೇ ಒಂದು ಮೀನಿನ ಕಿವಿರಿನಿಂದ ಜೀವಕೋಶ ತೆಗೆದು, ಕೂಸಿನಂತೆ ಸಾಕಿ, ಸಾವಿರ ತಟ್ಟೆಗೆ ಬೆಳೆಸಿದ್ದಳು. ನೀರಿನಲ್ಲಿ ವಿಷವಿದ್ದರೆ ಅವು ಸಾಯಬೇಕು. ಬದುಕಿದರೆ ನೀರು ನಿರಪಾಯ. ಮೂರು ಗಂಟೆಗೆ ಕಾರ್ಖಾನೆಯ ಮೇಲಿನ ದೂರಿನ ವಿಚಾರಣೆ. ಈ ವರದಿ ಹೋದರೆ ಕಾರ್ಖಾನೆಗೆ ಇನ್ನು ಲಂಗುಲಗಾಮಿಲ್ಲ, ಹೊಳೆ ಮುಗಿದಂತೆಯೇ.

ನಾಲ್ಕು ಸಲ ಪರೀಕ್ಷಿಸಿದಳು. ನಾಲ್ಕು ಸಲವೂ ಜೀವಕೋಶಗಳು ಗುಂಡುಕಲ್ಲಿನಂತಿದ್ದವು.

ವರದಿ ಹಿಡಿದು ನಿರ್ದೇಶಕರ ಕೋಣೆಗೆ ನುಗ್ಗಿದಳು.

"ಸ್ಯಾಂಪಲ್ ಬದಲಾಯಿಸಿದ್ದು ಯಾರು ಸಾರ್? ನೀವೇನಾ?"

ಅವರು ಕನ್ನಡಕ ತೆಗೆದರು. "ಹೊಳೆಗಿಳಿದು ನೀರು ತುಂಬಿಸಿದ್ದು ನೀನು. ಮೊಹರು ಹಾಕಿದ್ದು ನೀನು. ಒಡೆದಿದ್ದೂ ನೀನೇ. ಮಧ್ಯೆ ನಾನೆಲ್ಲಿ ಕೈ ಹಾಕ್ಲಮ್ಮ?"

"ಹಾಗಾದ್ರೆ ಸಹಿ ಹಾಕ್ಬೇಡಿ! ಎಷ್ಟು ತಿಂದಿದೀರಿ ಅವರ ಹತ್ರ?"

ಆ ಮಾತಿಗೂ ಅವರು ದನಿ ಏರಿಸಲಿಲ್ಲ. "ನಿನಗೆ ಸಿಟ್ಟು ಬಂತು ಅಂತ ಫಲಿತಾಂಶ ತಿದ್ದೋಕಾಗುತ್ತಾ?" ಎಂದು ಸಹಿ ಹಾಕಿದರು.

ಬಾಗಿಲಲ್ಲಿ ಅಪ್ಪ ನಿಂತಿದ್ದ; ವಿಚಾರಣೆಗೆಂದು ಬಂದವನ ಕಂಕುಳಲ್ಲಿ ಬುತ್ತಿ. ಜಗಳ ಪೂರ್ತಿ ಕೇಳಿಸಿಕೊಂಡಿದ್ದ.

"ಪಾಪ, ಅವರನ್ಯಾಕೆ ಬೈತೀಯ? ನಿನ್ನ ಮೀನು ಸುಮ್ನೆ ಸಾಯೋ ಪೈಕಿ ಅಲ್ಲ ಬಿಡಮ್ಮ."

ಅವಳು ಗಕ್ಕನೆ ತಿರುಗಿದಳು. ಮೀನಿನ ಉದ್ದ, ತೂಕ, ಹಿಡಿದ ದಿನ ಎಲ್ಲವನ್ನೂ ಪುಸ್ತಕದಲ್ಲಿ ಬರೆದಿದ್ದಳು. ಸ್ಥಳ: ನಮ್ಮ ಹೊಳೆ. ಹೊಳೆಯ ಯಾವ ಜಾಗ ಎಂದು ಕೇಳಿರಲಿಲ್ಲ. ಅಪ್ಪ ಪ್ರೀತಿಯಿಂದ ತಂದದ್ದನ್ನು ಯಾರು ವಿಚಾರಿಸುತ್ತಾರೆ?

"ಎಲ್ಲಿ ಹಿಡಿದೆ ಅಪ್ಪ?"

"ಕಾರ್ಖಾನೆ ಕೊಳವೆಯ ಬಾಯಲ್ಲೇ. ಸುತ್ತ ಎಲ್ಲ ಸತ್ತು ತೇಲ್ತಿದ್ವು, ಆ ವಿಷ ಕುಡಿದೂ ಅದೊಂದೇ ಎಗರಾಡ್ತಿತ್ತು. ಗಟ್ಟಿ ಪಿಂಡ, ನನ್ನ ಮಗಳಿಗೆ ಇದೇ ಇರ್ಲಿ ಅಂತ ಆರಿಸಿ ತಂದೆ."

ಆ ವಿಷಕ್ಕೇ ಜಗ್ಗದ ಮೀನಿನ ಜೀವಕೋಶ ವಿಷವನ್ನು ಹೇಗೆ ತೋರಿಸೀತು? ನಿರ್ದೇಶಕರು ಸಹಿ ಹಾಕಿದ ವರದಿಯನ್ನು ಎರಡಾಗಿ ಹರಿದರು. ಏನಾಯಿತೆಂದು ತಿಳಿಯದ ಅಪ್ಪ, ಬುತ್ತಿಯ ಮುಚ್ಚಳ ತೆಗೆದು ಮಗಳ ಕೈಗಿತ್ತ.