ಕಾಡಿಗೆ ನೋಡಿದ ಮುಹೂರ್ತ

ಕಾಂಗೋ ಕಾಡು ಒಬ್ಬೊಬ್ಬರನ್ನು ಜನ್ಮದಲ್ಲಿ ಒಂದೇ ಸಲ ಒಳಗೆ ಬಿಟ್ಟುಕೊಳ್ಳುತ್ತಿತ್ತು. ಎರಡನೆಯ ಸಲ ಹೋದವರಿಗೆ ಬಳ್ಳಿಗಳು ದಾರಿಯನ್ನೇ ಕೊಡುತ್ತಿರಲಿಲ್ಲ. ಹಾಗಾಗಿ ಮದುವೆಗೆ ಮುಹೂರ್ತ ನೋಡುವಂತೆ ಜನ ಕಾಡಿಗೆ ಕಾಲ ನೋಡುತ್ತಿದ್ದರು. ಚನ್ನವೀರಪ್ಪನೂ ಹೋಗಿಬಂದವರನ್ನೆಲ್ಲ ವಿಚಾರಿಸಿದ. ಬೇಸಿಗೆಯಲ್ಲಿ ಪ್ರಾಣಿಗಳು ಕಣ್ತುಂಬ ಕಾಣುತ್ತವೆ ಎಂದು ಎಲ್ಲರೂ ಹೇಳಿದರು. ಹೆಂಡತಿ ನೀಲವ್ವನನ್ನು ಬೇಸಿಗೆಯಲ್ಲೇ ಕರೆತಂದ.

ಈಗ ಇಬ್ಬರೂ ಮರದ ಬುಡದಲ್ಲಿ ಕೂತಿದ್ದರು. ಎದುರಿನ ಬಯಲಲ್ಲಿ ಹನ್ನೊಂದು ಆನೆಗಳು ಸದ್ದಿಲ್ಲದೆ ದಾಟುತ್ತಿದ್ದವು. ಚನ್ನವೀರಪ್ಪ ಮೈಮರೆತು ಕೈಮುಗಿದ.

“ಕಪ್ಪಿ ಯಾಕ ಒದರವಲ್ವುರೀ?” ಹುಟ್ಟಿನಿಂದ ಕಣ್ಣು ಕಾಣದ ನೀಲವ್ವ ಕೇಳಿದಳು.

“ಅವು ಮಳಿಗಾಲಕ್ಕ ಒದರ್ತಾವ.”

“ಮತ್ತ ಹಕ್ಕಿ?”

“ಅವೂ ಮಳಿಗಾಲಕ್ಕನ, ನೀಲಾ.” ಹೇಳುತ್ತಿದ್ದಂತೆ ಅವನು ಮುಗಿದ ಕೈ ಇಳಿಸಿದ. ಊರವರನ್ನೆಲ್ಲ ಕೇಳಿದವನು ಇವಳೊಬ್ಬಳನ್ನು ಕೇಳಿರಲಿಲ್ಲ.

ನೀಲವ್ವ ನಕ್ಕಳು. “ಇರ್ಲಿ ಬಿಡ್ರಿ, ನಿಮಗರ ಪ್ರಾಣಿ ಕಾಣ್ತಾವಲ್ಲ. ಆನಿ ಯಾವಾಗ ಬರ್ತಾವು?”

ಕೊನೆಯ ಮರಿಯೂ ಹಸಿರೊಳಗೆ ಮರೆಯಾಗಿತ್ತು. ಅವನು ಅವಳನ್ನು ಬಯಲಿಗೆ ನಡೆಸಿಕೊಂಡು ಹೋದ. ಆನೆಯ ಹೆಜ್ಜೆಯನ್ನಾದರೂ ಮುಟ್ಟಿಸೋಣವೆಂದು ಅವಳ ಅಂಗೈ ಹಿಡಿದು ಮಂಡಿಯೂರಿದ.

ನೆಲ ಕಲ್ಲಿನಂತೆ ಒಣಗಿತ್ತು. ಒಂದು ಹೆಜ್ಜೆಯೂ ಮೂಡಿರಲಿಲ್ಲ.